ಮಲಗಿ ಕೊಟ್ಟ ಅಳತೆ

ನಮ್ಮ ಊರಿನ ಅರ್ಧ ಗಂಡಸರ ಕುತ್ತಿಗೆ ನನ್ನ ಅತ್ತಿಗೆಯ ಕೈಯಲ್ಲಿದೆ. ಪೊಲೀಸರು, ಬಸ್ ಕಂಡಕ್ಟರುಗಳು, ಬ್ಯಾಂಕಿನ ಬಾಗಿಲು ಕಾಯುವವರು, ಹೀಗೆ ಸಮವಸ್ತ್ರ ತೊಡುವ ಎಲ್ಲರ ಕಾಲರುಗಳನ್ನೂ ಮೂವತ್ತೊಂದು ವರ್ಷದಿಂದ ಕತ್ತರಿಸುತ್ತ ಬಂದವರು ಅವರು. ಅಂಗಡಿಯಲ್ಲಿ ಹೊಲಿಯುವವರು ನಾಲ್ವರಿದ್ದಾರೆ, ಗುಂಡಿಗೆ ಕಾಜಾ ಮಾಡುವವರೊಬ್ಬರಿದ್ದಾರೆ. ಆದರೆ ಕಾಲರ್ ಎಂದರೆ ಅತ್ತಿಗೆಯ ಮೇಜಿಗೇ ಬರಬೇಕು. ಅವರು ಕತ್ತರಿಸಿದ ಕಾಲರನ್ನು ನಡುವೆ ಮಡಚಿ ಎರಡು ಮೂಲೆಗಳನ್ನು ಒಂದರ ಮೇಲೊಂದು ಇಟ್ಟರೆ ನೊಣದ ರೆಕ್ಕೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಅಣ್ಣ ಕೆಲಸಕ್ಕೆ ಹೊರಟು ನಿಂತಾಗ ಅವರು ನೋಡುವುದು ಅವನ ಮುಖವನ್ನಲ್ಲ, ಕಾಲರನ್ನು. ಅಣ್ಣ ಇದನ್ನು ಮದುವೆಯಾದಂದಿನಿಂದ ದೂರುತ್ತಿದ್ದಾನೆ.

"ಮುಖ ಏನ್ ಮಾಡಕ್ಕಾಗತ್ತೆ ಹೇಳಿ, ಇದ್ದ ಹಾಗೇ ಇರತ್ತೆ. ಕಾಲರ್ ಆದ್ರೆ ಬಿಚ್ಚಿ ಸರಿ ಮಾಡ್ಬಹುದು" ಎನ್ನುವುದು ಅತ್ತಿಗೆಯ ಉತ್ತರ.

ಇಂಥವರ ಕುತ್ತಿಗೆಯ ಮೇಲೆ ಇಡೀ ಒಂದು ವರ್ಷ ಗಾಯವಿತ್ತು. ಅದೂ ಕಾಲರಿನಿಂದಲೇ ಆದ ಗಾಯ.

ಅದಕ್ಕೆ ಮೂಲ ಈಜು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಕತ್ತರಿ ಹಿಡಿದು ಹಿಡಿದು ಬಲಭುಜ ಬಿಗಿದುಕೊಂಡಾಗ ಡಾಕ್ಟರು ಈಜಲು ಹೇಳಿದರು. ಬೇರೆ ಯಾರಾದರೂ ಹತ್ತು ದಿನ ಹೋಗಿ, ಕೊಳದ ನೀರು ಕೊಳಕು ಎಂದು ಬಿಟ್ಟುಬಿಡುತ್ತಿದ್ದರು. ಅತ್ತಿಗೆ ಕೊಳ ಚಿಕ್ಕದು ಎಂದು ಬಿಟ್ಟರು. ಊರ ಪಕ್ಕದ ಸರೋವರಕ್ಕೆ ಇಳಿದವರು ಮತ್ತೆ ಮೇಲೆ ಬರಲಿಲ್ಲ ಎನ್ನಬಹುದು. ಭಾನುವಾರ ಅವರನ್ನು ನೋಡಬೇಕಾದವರು ದಡದಲ್ಲಿ ಕಾಯಬೇಕಿತ್ತು. ನಲವತ್ತೆಂಟಕ್ಕೆ ಅವರು ಈಜು ಸಂಘದಲ್ಲಿ ದೂರದ ಈಜಿಗೆ ಹೆಸರು ಕೊಟ್ಟರು. ತೂಬಿನ ಗೋಡೆಯಿಂದ ಆಚೆ ತುದಿಯ ದೋಣಿ ಕಟ್ಟುವ ಕಾರ್ಖಾನೆಯವರೆಗೆ, ಹದಿನೆಂಟು ಕಿಲೋಮೀಟರ್. ಜೊತೆಗೆ ಬರುವ ಸಂಘದ ದೋಣಿಯನ್ನಾಗಲಿ ಮನುಷ್ಯರನ್ನಾಗಲಿ ಮುಟ್ಟುವಂತಿಲ್ಲ.

ಮೊದಲ ವರ್ಷ ಬರಿಯ ಈಜುಡುಗೆಯಲ್ಲಿ ಹೋದರು. ಆ ನೀರು ಬೇಸಿಗೆಯಲ್ಲೂ ಮನುಷ್ಯನಿಗೆ ಮರ್ಯಾದೆ ಕೊಡುವುದಿಲ್ಲ. ಮೂರು ಗಂಟೆಯಾಗುವಷ್ಟರಲ್ಲಿ ತುಟಿ ನೀಲಿಯಾಗಿ, ಹೆಸರು ಕೇಳಿದರೆ ಅಣ್ಣನ ಹೆಸರು ಹೇಳಿದರು. ದೋಣಿಯವರು ಮೇಲಕ್ಕೆ ಎಳೆದು ಹಾಕಿದರು. ಎರಡನೆಯ ವರ್ಷಕ್ಕೆ ವೆಟ್‌ಸೂಟ್ ಬಂತು: ಮೈಗೆ ಅಂಟುವ, ಮೂರು ನಾಲ್ಕು ಮಿಲಿಮೀಟರ್ ದಪ್ಪದ ಕಪ್ಪು ರಬ್ಬರಿನ ಉಡುಪು. ಅಳತೆ ಕಳಿಸಿದರೆ ಅದರಂತೆಯೇ ಮಾಡಿಕೊಡುತ್ತಾರೆ. ಚಳಿ ಹತ್ತಿರ ಸುಳಿಯಲಿಲ್ಲ. ಆದರೆ ಹನ್ನೊಂದನೆಯ ಕಿಲೋಮೀಟರಿನಲ್ಲಿ ಅದರ ಕತ್ತು ಇವರ ಕತ್ತನ್ನು ಕೊಯ್ದು, ತಲೆ ತಿರುಗಿಸಲಾಗದೆ ನೀರು ಕುಡಿಯತೊಡಗಿದರು. ದೋಣಿಯಲ್ಲಿದ್ದ ಸಂಘದ ವೀಕ್ಷಕಿ ರಕ್ತ ನೋಡಿ ಸೀಟಿ ಊದಿದರು. ಅಲ್ಲಿಗೆ ಅದೂ ಮುಗಿಯಿತು.

ಸಂಘದ ನಿಯಮ ಒಬ್ಬರಿಗೆ ಮೂರೇ ಅವಕಾಶ. ಸರದಿಯಲ್ಲಿ ನಿಂತವರು ಬಹಳ, ದೋಣಿಗಳು ಕಡಿಮೆ. ಮೂರನೆಯದು ಈ ವರ್ಷ. ಇದೂ ಹೋದರೆ ಅತ್ತಿಗೆಯ ಪಾಲಿಗೆ ಆ ಹದಿನೆಂಟು ಕಿಲೋಮೀಟರ್ ಬಸ್ಸಿನಲ್ಲಿ ಹೋಗುವ ದೂರ ಮಾತ್ರ.

ಆದ್ದರಿಂದ ಆ ಚಳಿಗಾಲವಿಡೀ ಮನೆಯಲ್ಲಿ ನಡೆದದ್ದು ಕುತ್ತಿಗೆಯ ವಿಚಾರ.

ವೆಟ್‌ಸೂಟ್ ಹಾಕಿಕೊಳ್ಳುವುದೆಂದರೆ ಅಂಗಿ ಹಾಕಿಕೊಂಡಂತಲ್ಲ. ಮೊದಲು ಉಗುರು ಕತ್ತರಿಸಬೇಕು, ಇಲ್ಲದಿದ್ದರೆ ರಬ್ಬರಿಗೆ ಅರ್ಧಚಂದ್ರ ಬೀಳುತ್ತದೆ. ಪಾದ ಜಾರಲಿ ಎಂದು ಪ್ಲಾಸ್ಟಿಕ್ ಚೀಲದೊಳಗೆ ತೂರಿಸಬೇಕು. ಆಮೇಲೆ ಬೆರಳ ಮೆತ್ತೆಯಿಂದ ಚೂರುಚೂರೇ ಚಿವುಟಿ ಮೇಲಕ್ಕೆ ಸಾಗಿಸಬೇಕು: ಮೀನಖಂಡದಿಂದ ಮಂಡಿಗೆ, ಮಂಡಿಯಿಂದ ತೊಡೆಗೆ, ತೊಡೆಯ ಸಂದಿನಲ್ಲಿ ಗಾಳಿಯೂ ಉಳಿಯದ ಹಾಗೆ. ಕೆಳಗೆ ಒಂದು ಬೆರಳಷ್ಟು ಸೋಮಾರಿತನ ಮಾಡಿದರೆ ಅದರ ಶಿಕ್ಷೆ ಭುಜಕ್ಕೆ. ಕಡೆಯಲ್ಲಿ ಬೆನ್ನಿನ ಜಿಪ್ಪು, ಅದು ಅಣ್ಣನ ಖಾತೆ.

"ಉಸಿರು ಹಿಡ್ಕೋ" ಎನ್ನುವನು ಅಣ್ಣ, ಮಂಡಿಯನ್ನು ಅವರ ಬೆನ್ನಿಗೆ ಒತ್ತಿ.

"ಹಿಡ್ಕೊಂಡ್ರೆ ಜಿಪ್ ಬರಲ್ಲ, ಬಿಟ್ರೆ ನಾನ್ ಬದುಕಲ್ಲ. ಯಾವ್ದು ಬೇಕು ಹೇಳ್ರಿ."

"ಮೊದ್ಲು ಜಿಪ್ ಬರಲಿ."

"ಕೇಳಿಸ್ಕೊಂಡ್ಯಾ ಪಂಡಿತಪ್ಪ? ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದಕ್ಕೆ ಸಿಕ್ಕ ಮರ್ಯಾದೆ."

ಪಂಡಿತಪ್ಪ ನಾನು. ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅಚ್ಚಿಗೆ ಹೋಗುವ ಪುಸ್ತಕಗಳಲ್ಲಿ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವವನನ್ನು ಮನೆಯಲ್ಲಿ ಬೇರೆ ಹೇಗೆ ಕರೆಯುತ್ತಾರೆ?

ಕುತ್ತಿಗೆಗೆ ಸಲಹೆ ಕೊಡದವರಿಲ್ಲ. ಸಂಘದ ಕೋಚ್ ಪೆಟ್ರೋಲಿಯಂ ಜೆಲ್ಲಿಯಂಥ ಜಿಡ್ಡು ಮುಟ್ಟಲೇಬೇಡಿ, ರಬ್ಬರ್ ಕೊಳೆಯುತ್ತದೆ ಎಂದು ಹೇಳಿ, ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡನ್ನು ಕೊಟ್ಟರು. ಅದನ್ನು ಹಚ್ಚಿಕೊಂಡರೆ ಅತ್ತಿಗೆಯಿಂದ ಒದ್ದೆ ಕುರಿಯ ವಾಸನೆ ಬರುತ್ತಿತ್ತು, ಒಂದು ಗಂಟೆ ತಡೆಯುತ್ತಿತ್ತು, ಆಮೇಲೆ ಉರಿ. ಜಿಡ್ಡು ಹಚ್ಚಿದ ಕೈಯಲ್ಲೇ ಅಣ್ಣ ಒಮ್ಮೆ ಈಜುಗನ್ನಡಕ ಒರೆಸಿ ಕೊಟ್ಟ. ಆ ದಿನ ಅತ್ತಿಗೆ ಮಂಜಿನಲ್ಲಿ ಈಜಿ ಬೇರೆ ಯಾರದೋ ದಡ ಸೇರಿದರು. ಸಂಘದಲ್ಲಿ 'ಮೀನು' ಎಂದೇ ಕರೆಯುವ ಚಾಂಪಿಯನ್ ಒಬ್ಬನಿದ್ದಾನೆ, ಅವನು ಪಟ್ಟಿ ಅಂಟಿಸಿಕೊಳ್ಳಿ ಎಂದ. ಪಟ್ಟಿ ನಲವತ್ತು ನಿಮಿಷಕ್ಕೆ ಕಿತ್ತು ಬಂತು, ಚರ್ಮವನ್ನೂ ಜೊತೆಗೆ ಕರೆದುಕೊಂಡು. ತಾಳ್ಮೆ ಬೇಕು, ಚರ್ಮ ಗಟ್ಟಿಯಾಗುತ್ತದೆ ಎಂದು ಇನ್ನೊಬ್ಬರು. ಅತ್ತಿಗೆ ಎಲ್ಲವನ್ನೂ ಮಾಡಿದರು. ಗೊಣಗಲಿಲ್ಲ. ಪ್ರತಿ ಭಾನುವಾರ ಮೂರು ಗಂಟೆ ಈಜಿ, ಸೋಮವಾರ ಕುತ್ತಿಗೆಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಅಂಗಡಿಗೆ ಹೋಗಿ ಬೇರೆಯವರ ಕಾಲರ್ ಕತ್ತರಿಸುತ್ತಿದ್ದರು.

ಆ ಬಟ್ಟೆಯನ್ನು ಅಂಗಡಿಯ ಕಟಿಂಗ್ ಮಾಸ್ಟರು ನಾಲ್ಕು ತಿಂಗಳು ನೋಡಿದರು. ಐದನೆಯ ತಿಂಗಳು ಬಾಯಿಬಿಟ್ಟರು. ನಾನು ಅವತ್ತು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಹೋಗಿದ್ದೆ, ಹಾಗಾಗಿ ಕಣ್ಣಾರೆ ಕಂಡದ್ದು.

ಮಾಸ್ಟರಿಗೆ ಎಪ್ಪತ್ತಾರು. ಅತ್ತಿಗೆಗೆ ಕತ್ತರಿ ಹಿಡಿಯಲು ಕಲಿಸಿದವರು ಅವರೇ. ಟೇಪು ಕೊರಳಲ್ಲಿಲ್ಲದೆ ಅವರನ್ನು ನೋಡಿದವರಿಲ್ಲ.

"ಏನಮ್ಮಾ ಅದು ಕುತ್ತಿಗೆಗೆ? ಮೂಗುದಾರ ಬಿಗಿಯೋ ಕಡೆ ಬಿಟ್ಟು ಅಲ್ಲಿಗೆ ಯಾಕ್ ಬಿಗ್ದಿದೀಯ?"

"ರಬ್ಬರ್ ಸೂಟು ಕಡಿಯತ್ತೆ ಮಾಸ್ಟ್ರೇ."

"ಅಳತೆ ಯಾವನು ತೆಗ್ದಿದ್ದು ಅದಕ್ಕೆ?"

ಅಂಗಡಿಯಲ್ಲಿ ಹೊಲಿಗೆ ಯಂತ್ರಗಳೆಲ್ಲ ಒಮ್ಮೆಲೇ ನಿಂತವು. ಅಳತೆ ತೆಗೆದದ್ದು ಮಾಸ್ಟರೇ. ಸೂಟಿನ ಕಂಪನಿ ಕಳಿಸಿದ್ದ ಮೂವತ್ತೆರಡು ಅಳತೆಗಳ ಫಾರಮ್ಮನ್ನು ಅಂಗಡಿಯ ಎಲ್ಲರೂ ಸೇರಿ ಹಬ್ಬದಂತೆ ತುಂಬಿದ್ದರು. ಕನ್ನಡಿಯ ಮುಂದೆ ಅತ್ತಿಗೆಯನ್ನು ನೆಟ್ಟಗೆ ನಿಲ್ಲಿಸಿ, 'ಮುಂದೆ ನೋಡಮ್ಮ' ಎಂದು, ಅರ್ಧ ಸೆಂಟಿಮೀಟರೂ ಬಿಡದೆ ಬರೆದಿದ್ದರು. ಕತ್ತಿನ ಕಡೆ ಎತ್ತರವಾಗಿ, ಬಿಗಿಯಾಗಿ ಇರಲಿ ಎಂದು ಒಂದು ಸಾಲು ಬೇರೆ ಸೇರಿಸಿದ್ದರು. ಕಾಲರ್ ಕೂತರೆ ಕೂರಬೇಕು ಎನ್ನುವುದು ಆ ಅಂಗಡಿಯ ಮತ.

"ತೊಟ್ಕೊಂಡ್ ಬಾ" ಎಂದರು ಮಾಸ್ಟರು.

ನಾನು ಮನೆಯಿಂದ ಸೂಟು ತಂದುಕೊಟ್ಟ ಅರ್ಧ ಗಂಟೆಯ ಮೇಲೆ ಅತ್ತಿಗೆ ಟ್ರಯಲ್ ಕೋಣೆಯ ಪರದೆ ಸರಿಸಿ ಬಂದರು, ಅಡಿಯಿಂದ ಕತ್ತಿನವರೆಗೆ ಕಪ್ಪಗೆ, ಹೊಳೆಯುತ್ತ. ಮಾಸ್ಟರು ಕನ್ನಡಿಯ ಮುಂದೆ ನಿಲ್ಲಿಸಿ, ಕತ್ತಿನ ಸುತ್ತ ಒಂದು ಬೆರಳು ಆಡಿಸಿ ನೋಡಿದರು. ಎಲ್ಲೂ ತಪ್ಪಿಲ್ಲ. ಇನ್ನೊಮ್ಮೆ ಆಡಿಸಿದರು. ಇಲ್ಲ.

"ಸೊಗಸಾಗಿ ಕೂತಿದೆಯಲ್ಲೇ!" ಎಂದರು, ಬೇಜಾರಿನಿಂದ. ತಪ್ಪು ಸಿಗದಿರುವುದು ತಿದ್ದುವವನಿಗೆ ಎಂಥ ಸಂಕಟ ಎಂದು ನನಗೆ ಗೊತ್ತು.

ಆ ಹೊತ್ತಿಗೆ ಟ್ರಯಲ್ಲಿಗೆಂದು ಬಂದಿದ್ದ ಬಸ್ ಕಂಡಕ್ಟರೊಬ್ಬ ಹೊಸ ಅಂಗಿ ತೊಟ್ಟು ನಿಂತಿದ್ದ. ಅವನ ಕಾಲರಿನೊಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತಿದ್ದವು. ಮಾಸ್ಟರ ಕಣ್ಣು ಅಲ್ಲಿ ನಿಂತಿತು.

"ಏನಮ್ಮಾ, ಕಂಡಕ್ಟರ್ ಕಾಲರ್‌ಗೆ ಅರ್ಧ ಬೆರಳು ಜಾಸ್ತಿ ಬಿಡ್ತೀಯಲ್ಲ, ಯಾಕೆ?"

"ನೀವೇ ಹೇಳ್ಕೊಟ್ಟಿದ್ದು. ಬೆಳಗಿಂದ ಸಂಜೆವರ್ಗೂ ಹಿಂದಕ್ಕೆ ತಿರುಗಿ ಕೂಗ್ತಾ ಇರ್ತಾರೆ ಅಂತ."

"ಪೊಲೀಸ್‌ನೋರಿಗೆ?"

"ಬಿಡಲ್ಲ. ಅವ್ರು ಮುಂದೆ ನೋಡ್ಕೊಂಡ್ ನಿಂತಿರ್ತಾರೆ."

"ನೀನು ನೀರಲ್ಲಿ ಮುಂದೆ ನೋಡ್ಕೊಂಡ್ ನಿಂತಿರ್ತೀಯೇನು?"

ಮೂವತ್ತೊಂದು ವರ್ಷದ ಅನುಭವದ ಮುಖದ ಮೇಲೆ ಕೆಂಪು ಏರಿತು. ಮಾಸ್ಟರ ಐವತ್ತೈದು ವರ್ಷದ ಅನುಭವವೂ ತಲೆ ಕೆರೆದುಕೊಂಡಿತು.

"ನಾನೂ ಎಂಥ ಮುದಿ ಗೂಬೆ ನೋಡು" ಎಂದರು ಮಾಸ್ಟರು. "ಮನುಷ್ಯ ಅಂದ್ರೆ ನಿಂತಿರ್ತಾನೆ ಅಂದ್ಕೊಂಡೇ ಇಷ್ಟು ವರ್ಷ ಟೇಪ್ ಹಿಡ್ದೆ. ಏಯ್, ಬಟ್ಟೆ ತೆಗೀರಿ ಮೇಜಿಂದ. ಹತ್ತಮ್ಮಾ ಮೇಲೆ. ಬೋರಲು ಮಲ್ಕೋ. ಈಜು."

"ಇಲ್ಲೇನಾ?"

"ಇನ್ನೆಲ್ಲಿ, ಬೀದೀಲಾ?"

ಅತ್ತಿಗೆ ಕಟಿಂಗ್ ಮೇಜು ಹತ್ತಿ ಬೋರಲು ಮಲಗಿದರು. ಮೊದಲು ನಾಚಿಕೆಯಿಂದ ಕೈ ಆಡಿಸಿದರು. ನಾಲ್ಕನೆಯ ಹೊಡೆತಕ್ಕೆ ನಾಚಿಕೆ ಬಿಟ್ಟುಹೋಯಿತು. ಬಲಗೈ ಮುಂದೆ, ಎಡಗೈ ಮುಂದೆ, ತಲೆ ಬಲಕ್ಕೆ, ಉಸಿರು. ಮಾಸ್ಟರು ಮೂಗನ್ನು ಅವರ ಕತ್ತಿಗೆ ತಾಗಿಸುವಷ್ಟು ಬಗ್ಗಿ ನೋಡುತ್ತಿದ್ದರು. ನಿಂತಾಗ ಒಂದು ಬೆರಳು ಹಿಡಿಸುತ್ತಿದ್ದ ಜಾಗದಲ್ಲಿ, ತಲೆ ಎತ್ತಿ ತಿರುಗಿಸಿದ ಕೂಡಲೇ, ರಬ್ಬರು ಚರ್ಮವನ್ನು ಹಿಡಿದು ಮಡಚುತ್ತಿತ್ತು. ಅದೂ ಬಲಗಡೆ ಮಾತ್ರ, ಏಕೆಂದರೆ ಅತ್ತಿಗೆ ಉಸಿರೆಳೆಯುವುದು ಬಲಕ್ಕೆ ಮಾತ್ರ.

"ನಿಮಿಷಕ್ಕೆ ಎಷ್ಟು ಸಲ ತಿರುಗ್ತೀಯ?"

"ಇಪ್ಪತ್ತೈದು, ಇಪ್ಪತ್ತಾರು."

ಏಳು ಗಂಟೆಗೆ ಹತ್ತು ಹನ್ನೊಂದು ಸಾವಿರ ಸಲ ಎಂದು ನಾನು ಲೆಕ್ಕ ಹೇಳಿದೆ. ಕಂಡಕ್ಟರ್ ಕೈಯಲ್ಲಿದ್ದ ಹಳೆಯ ಅಂಗಿಯನ್ನು ಎದೆಗೆ ಒತ್ತಿಕೊಂಡು, "ನಮ್ದೇ ಕಷ್ಟ ಅಂದ್ಕೊಂಡಿದ್ದೆ" ಎಂದ.

ಕಷ್ಟ ಶುರುವಾದದ್ದು ಆಮೇಲೆ. ಮಾಸ್ಟರು ಕಪ್ಪು ರಬ್ಬರಿನ ಮೇಲೆ ಬಿಳಿಯ ಸೀಮೆಸುಣ್ಣದ ಗೆರೆ ಎಳೆದರು: ಬಲಗಡೆ ಒಂದೂವರೆ ಬೆರಳು ತಗ್ಗು, ಎಡಗಡೆ ಇದ್ದಂತೆ.

"ಸೊಟ್ಟ ಆಗತ್ತಲ್ಲ!" ಎಂದರು ಅತ್ತಿಗೆ.

"ಆಗತ್ತೆ. ಎರಡೂ ಕಡೆ ತೆಗೆದ್ರೆ ನೀರು ತುಂಬ್ಕೊಳಲ್ವಾ? ಬೇಕಾದಷ್ಟೇ ತೆಗಿ."

"ನಾನು ಸೊಟ್ಟ ಕಾಲರ್ ಹಾಕ್ಕೊಂಡು ಜನರ ಮುಂದೆ..."

"ನೀರಲ್ಲಿ ಯಾರೇ ನೋಡ್ತಾರೆ? ಮೀನು ಬಂದು ಟೇಪ್ ಹಿಡಿಯತ್ತಾ?"

"ಸರಿ, ಅಂಚು? ಮಡಚಿ ಹೊಲಿದ್ರೆ..."

"ಹೊಲೀಬೇಡ. ದಾರವೇ ಚಾಕು. ಕತ್ತರಿಸಿ ಹಾಗೇ ಬಿಡು."

ಸೊಟ್ಟ ಕಾಲರನ್ನು ಅತ್ತಿಗೆ ನುಂಗಿಕೊಂಡರೇನೋ. ಮಡಚದ ಅಂಚು ಗಂಟಲಲ್ಲಿ ಸಿಕ್ಕಿಕೊಂಡಿತು. ಒಳಗಡೆ ಯಾರೂ ಕಾಣದ ಕಡೆಯೂ ಅಂಚು ಮಡಚದೆ ಬಿಟ್ಟವರಲ್ಲ ಅವರು. ಅದಲ್ಲದೆ ಬೇರೊಬ್ಬರ ಕೈಕೆಲಸಕ್ಕೆ ಕತ್ತರಿ ಹಾಕುವುದು ಆ ಅಂಗಡಿಯಲ್ಲಿ ಕಳ್ಳತನಕ್ಕಿಂತ ಸ್ವಲ್ಪ ಮೇಲು, ಅಷ್ಟೇ. ಎರಡು ದಿನ ಸೂಟು ಮೇಜಿನ ಮೇಲೆ ಸುಣ್ಣದ ಗೆರೆಯ ಸಮೇತ ಬಿದ್ದಿತ್ತು. ಮೂರನೆಯ ದಿನ ಅತ್ತಿಗೆ ದೊಡ್ಡ ಕತ್ತರಿ ತೆಗೆದುಕೊಂಡು, ಒಂದೇ ಬೀಸಿಗೆ, ನಡುವೆ ಕತ್ತರಿ ಎತ್ತದೆ, ಗೆರೆಯ ಮೇಲೆ ಹೋದರು. ತಿರುಗಿ ನೋಡಲಿಲ್ಲವಂತೆ. ಆ ಭಾನುವಾರ ನಾಲ್ಕು ಗಂಟೆ ಈಜಿ ಬಂದಾಗ ಕುತ್ತಿಗೆ ಹೇಗೆ ಹೋಗಿತ್ತೋ ಹಾಗೇ ಇತ್ತು. ಸೋಮವಾರ ಬಟ್ಟೆ ಸುತ್ತಿಕೊಳ್ಳದೆ ಅಂಗಡಿಗೆ ಹೋದರು.

ಇನ್ನು ಆ ದಿನ.

ಬೆಳಿಗ್ಗೆ ಆರೂವರೆಗೆ ತೂಬಿನ ಗೋಡೆಯಿಂದ ಹೊರಟೆವು. ದೋಣಿಯಲ್ಲಿ ಮೂವರು: ಹುಟ್ಟು ಹಾಕುವವನು, ನಾನು, ವೀಕ್ಷಕಿ. ಹುಟ್ಟಿನವನು ಮಾತಿಗೆ ಸುಂಕ ಕಟ್ಟುವವನಂತೆ ಕೂತಿದ್ದ. ವೀಕ್ಷಕಿ ನಿವೃತ್ತ ನರ್ಸು, ಎಲ್ಲರೂ 'ಸಿಸ್ಟರ್' ಎನ್ನುತ್ತಾರೆ. ಹೋದ ವರ್ಷ ಸೀಟಿ ಊದಿದವರು ಇವರೇ. ಮಡಿಲಲ್ಲಿ ನಿಯಮಗಳ ಪುಸ್ತಕ, ಕಾಲ ಬಳಿ ಔಷಧಿ ಪೆಟ್ಟಿಗೆ, ಕೊರಳಲ್ಲಿ ಆ ಸೀಟಿ. ಅಣ್ಣನಿಗೆ ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತದೆ. ಅವನು ಜಿಪ್ಪು ಎಳೆದು, "ಹುಷಾರು ಕಣೇ" ಎಂದು, ವ್ಯಾನಿನಲ್ಲಿ ಆಚೆ ತುದಿಗೆ ಹೋದ.

ಅತ್ತಿಗೆ ಸೊಂಟದವರೆಗೆ ನೀರಿಗಿಳಿದು, ಸೂಟಿನ ಕತ್ತನ್ನು ಹಿಗ್ಗಿಸಿ ಒಂದು ಬೊಗಸೆ ನೀರು ಒಳಗೆ ಬಿಟ್ಟುಕೊಂಡು, ಮೈ ಒತ್ತಿ ಅದನ್ನು ಹೊರಹಾಕಿದರು. ಹಾಗೆ ಮಾಡಿದರೆ ಸೂಟು ಮೈಗೆ ಸರಿಯಾಗಿ ಕೂರುತ್ತದೆ. ಆಮೇಲೆ ಮುಖ ತಗ್ಗಿಸಿ ಹೊರಟರು.

ದೂರದ ಈಜನ್ನು ನೋಡುವುದು ಹುಲ್ಲು ಬೆಳೆಯುವುದನ್ನು ನೋಡಿದಂತೆ ಎಂದು ತಿಳಿದಿದ್ದೆ. ಹಾಗಲ್ಲ. ಮೊದಲ ಒಂದು ಗಂಟೆ ಬೇಸರ, ಎರಡನೆಯ ಗಂಟೆ ಗೌರವ, ಆಮೇಲೆ ಏನೋ ಒಂದು ಭಯದಂಥದ್ದು. ಅದೇ ಕೈ, ಅದೇ ಅಂತರ, ಅದೇ ಬಾಯಿಯ ಮೂಲೆಯಲ್ಲಿ ಎಳೆದ ಉಸಿರು. ಬಟ್ಟೆಯ ಥಾನಿನ ಮೇಲೆ ನಡೆಯುವ ಕತ್ತರಿಯ ಹಾಗೆ ಅವರು ನೀರನ್ನು ಸಾಗಿಸಿಕೊಂಡು ಹೋಗುತ್ತಿದ್ದರು. ಅರ್ಧ ಗಂಟೆಗೊಮ್ಮೆ ಉದ್ದ ಕೋಲಿನ ತುದಿಯ ಬುಟ್ಟಿಯಲ್ಲಿ ಬಿಸಿ ಸಕ್ಕರೆ ನೀರಿನ ಬಾಟಲಿ ಚಾಚುವುದು ನನ್ನ ಕೆಲಸ, ಕುತ್ತಿಗೆ ನೋಡುವುದು ಸಿಸ್ಟರ್ ಕೆಲಸ.

ಮೂರನೆಯ ಗಂಟೆಗೆ ಅತ್ತಿಗೆ ಬಾಟಲಿ ಹಿಡಿದು, "ತಗ್ಸಿದ ಕಡೆಯಿಂದ ಚೂರು ನೀರು ಬರ್ತಾ ಇದೆ. ಬೆನ್ನು ತಣ್ಣಗೆ" ಎಂದರು.

ಸಿಸ್ಟರ್ ಪುಸ್ತಕದಿಂದ ತಲೆ ಎತ್ತದೆ ಕೇಳಿದರು: "ಒಂದಕ್ಕೆ ಮಾಡಿದ್ರಾ?"

"ಸಿಸ್ಟರ್! ಮೈದುನ ಇದಾನೆ."

"ಅವ್ರು ಆ ಕಡೆ ನೋಡ್ತಾರೆ. ಸೂಟೊಳಗೆ ಬಿಸಿನೀರು ಅಂತ ಸಿಗೋದು ಅದೊಂದೇ. ಆಯ್ತಾ, ಇಲ್ವಾ?"

ನಾನು ಆಚೆ ದಡದ ಮರಗಳನ್ನು ಅತಿ ಆಸಕ್ತಿಯಿಂದ ಎಣಿಸಿದೆ. ಹದಿನೇಳಿದ್ದವು.

"ಆಗ್ತಾ ಇದೆ" ಎಂದಿತು ನೀರಿನ ಕಡೆಯಿಂದ ಸಣ್ಣ ದನಿ.

"ಬೆಚ್ಚಗಾಯ್ತಾ?"

"ಆಯ್ತು."

"ಬರ್ಕೊಂಡೆ" ಎಂದರು ಸಿಸ್ಟರ್. ನಿಜವಾಗಿಯೂ ಬರೆದುಕೊಂಡರು.

ಹನ್ನೊಂದನೆಯ ಕಿಲೋಮೀಟರು ಯಾರಿಗೂ ಹೇಳದೆ ದಾಟಿಹೋಯಿತು. ನಾನು ಹೇಳಲು ಬಾಯಿ ತೆರೆದೆ. ಸಿಸ್ಟರ್ ಬೆರಳು ತುಟಿಗಿಟ್ಟರು. ಕುತ್ತಿಗೆ ಚೆನ್ನಾಗಿತ್ತು. ಹದಿಮೂರು ದಾಟಿದ ಮೇಲೆ ಗಾಳಿ ಎದ್ದಿತು, ಬಲಗಡೆಯಿಂದ.

ಮೊದಲು ನೀರಿನ ಮೇಲೆ ಸುಕ್ಕು, ಆಮೇಲೆ ಮಂಡಿಯೆತ್ತರದ ಅಲೆ, ಒಂದರ ಹಿಂದೆ ಒಂದು, ಎಲ್ಲವೂ ಅತ್ತಿಗೆಯ ಬಲಗೆನ್ನೆಗೆ. ಉಸಿರಿಗೆಂದು ಬಾಯಿ ತೆರೆದರೆ ನೀರು. ಹುಟ್ಟಿನವನು ದೋಣಿಯನ್ನು ಗಾಳಿಯ ಕಡೆಗೆ ತಂದು ಮರೆ ಕೊಡಲು ನೋಡಿದ. ಗಾಳಿ ದೋಣಿಯನ್ನೇ ಅವರ ಮೇಲೆ ತಳ್ಳಿತು. ದೋಣಿ ಮುಟ್ಟಿದರೆ ಈಜು ರದ್ದು. ಅವನು ತಲೆಯಾಡಿಸಿ ಹಿಂದೆ ಸರಿದು ಎಡಗಡೆಗೆ ಬಂದ. ಅತ್ತಿಗೆ ಕೆಮ್ಮಿದರು, ನಾಲ್ಕು ಹೊಡೆತ ಹಾಕಿದರು, ಮತ್ತೆ ಕೆಮ್ಮಿದರು. ಬೇರೆ ದಾರಿಯಿಲ್ಲದೆ ಎಡಕ್ಕೆ ಉಸಿರೆಳೆಯತೊಡಗಿದರು. ಎಡಗಡೆ ಕತ್ತು ಎತ್ತರವಾಗಿ, ಬಿಗಿಯಾಗಿ, ಸೊಗಸಾಗಿ ಕೂತೇ ಇತ್ತು.

ಅರ್ಧ ಗಂಟೆಯಲ್ಲಿ ಎಡಗಡೆ ಕೆಂಪಾಯಿತು. ಇನ್ನೂ ಮೂರೂವರೆ ಕಿಲೋಮೀಟರ್, ಈ ಗಾಳಿಯಲ್ಲಿ ಒಂದೂಮುಕ್ಕಾಲು ಗಂಟೆಯಾದರೂ ಬೇಕು. ಸಿಸ್ಟರ್ ಬಲಗೈ ಸೀಟಿಯ ಮೇಲೆ ಹೋಗಿ ಕೂತಿತು.

"ರಕ್ತ ಕಂಡ್ರೆ ಊದ್ತೀನಿ" ಎಂದರು ನನಗೆ, ಮೆಲ್ಲಗೆ. "ಹೋದ್ಸಲ ಈಯಮ್ಮ ಹೇಳೇ ಇಲ್ಲ, ಸುಮ್ನೆ ಮುಳುಗಕ್ಕೆ ಶುರು ಮಾಡಿದ್ರು."

ಅತ್ತಿಗೆ ನಿಂತರು. ಬಾಟಲಿ ಚಾಚಿದೆ, ತಳ್ಳಿದರು.

"ಕತ್ತರಿ ಕೊಡು."

"ಏನು?"

"ಕತ್ತರಿ ಕಣಪ್ಪ! ಸಿಸ್ಟರ್ ಪೆಟ್ಗೇಲಿ ಇರತ್ತೆ ನೋಡು, ಬ್ಯಾಂಡೇಜ್ ಕತ್ತರ್ಸೋದು."

ಸಿಸ್ಟರ್ ನಿಯಮಗಳ ಪುಸ್ತಕ ತೆರೆದರು. ಗಾಳಿಗೆ ಹಾಳೆ ಹಾರುತ್ತಿದ್ದವು, ಎರಡು ಕೈಯಲ್ಲಿ ಅದುಮಿಕೊಂಡು ಓದಿದರು. "ಈಜುವವರಿಗೆ ಸಹಾಯ ಮಾಡೋ ಹಾಗಿಲ್ಲ ಅಂತಿದೆ."

"ಸಹಾಯ ಯಾರ್ ಕೇಳಿದ್ರು? ಕತ್ತರಿ ಕೇಳ್ದೆ."

"ನೀರಲ್ಲಿ, ಕಣ್ಣಿಗೆ ಕಾಣದೆ, ಕುತ್ತಿಗೆ ಹತ್ರ ಕತ್ತರಿ! ನಾನು ನಲವತ್ತು ವರ್ಷ ಆಸ್ಪತ್ರೇಲಿದ್ದವಳು, ನಾನೇ ಹೆದರ್ತೀನಿ."

"ನಾನು ಮೂವತ್ತೊಂದು ವರ್ಷ ಕುತ್ತಿಗೆ ಹತ್ರಾನೇ ಇದ್ದವಳು ಸಿಸ್ಟರ್."

ಸಿಸ್ಟರ್ ಪುಸ್ತಕ ಮುಚ್ಚಿದರು. ಪೆಟ್ಟಿಗೆ ತೆರೆದು ಕತ್ತರಿ ತೆಗೆದರು: ಒಂದು ಅಲಗಿನ ತುದಿ ಮೊಂಡಾದ, ಗಾಯದ ಪಟ್ಟಿಯ ಕೆಳಗೆ ತೂರಿಸುವಂಥದ್ದು. ಬುಟ್ಟಿಗೆ ಹಾಕಿ, "ಚಾಚಿ" ಎಂದರು ನನಗೆ. ನಾನು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದೆ.

ವೆಟ್‌ಸೂಟಿನ ಒಂದು ಗುಣವೆಂದರೆ ಅದು ಮನುಷ್ಯರನ್ನು ಬೆಂಡಿನಂತೆ ತೇಲಿಸುತ್ತದೆ. ಅತ್ತಿಗೆ ಅಂಗಾತ ತೇಲಿದರು, ಎರಡೂ ಕೈ ಖಾಲಿ. ಎಡಗೈಯ ಎರಡು ಬೆರಳನ್ನು ಕಾಲರಿನೊಳಗೆ ತೂರಿಸಿ ರಬ್ಬರಿಗೂ ಚರ್ಮಕ್ಕೂ ನಡುವೆ ಗೋಡೆ ಮಾಡಿದರು. ಏಳು ಗಂಟೆ ತಣ್ಣೀರಿನಲ್ಲಿದ್ದ ಬೆರಳುಗಳು, ಬೆಳ್ಳಗೆ ಸುಕ್ಕುಗಟ್ಟಿದ್ದವು. ಬಲಗೈ ಎದೆಯ ಮೇಲಿಂದ ಬಂದು ಕತ್ತರಿಯ ಮೊಂಡು ತುದಿಯನ್ನು ಆ ಬೆರಳುಗಳ ಮೇಲೆ ಇಟ್ಟಿತು. ಒಂದು ಅಲೆ ಅವರನ್ನು ಎತ್ತಿ ಇಳಿಸಿತು. ಕತ್ತರಿ ಅಲ್ಲೇ ಇತ್ತು. ಇನ್ನೊಂದು ಅಲೆ. ಅವರು ಕಾಯುತ್ತಿದ್ದಾರೆ ಎಂದು ನನಗೆ ಆಗ ತಿಳಿಯಿತು. ಅಲೆಯ ಲಯ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿದರು. ನೋಡಲು ಹೇಗೂ ಏನೂ ಇರಲಿಲ್ಲ.

ಎತ್ತಿದ ಅಲೆ ಇಳಿಯುವಾಗ ಒಂದು ಸಲ ಕಚ್ಚಿತು ಕತ್ತರಿ. ಮುಂದಿನ ಅಲೆ ಇಳಿಯುವಾಗ ಇನ್ನೊಂದು. ಮೂರನೆಯದು. ನಾಲ್ಕನೆಯದು. ಕರಿಯ ರಬ್ಬರಿನ ಹೋಳೊಂದು, ಕಿತ್ತಳೆಯ ತೊಳೆಯ ಆಕಾರದ್ದು, ಬಿಡಿಸಿಕೊಂಡು ತೇಲಿತು.

"ರಕ್ತ?" ಎಂದು ಕೂಗಿದರು ಸಿಸ್ಟರ್.

ಅತ್ತಿಗೆ ಕಾಲರಿನಿಂದ ಬೆರಳು ತೆಗೆದು ಮೇಲೆತ್ತಿ ಎರಡೂ ಕಡೆ ತಿರುಗಿಸಿ ತೋರಿಸಿದರು. ಕತ್ತರಿಯನ್ನು ಬುಟ್ಟಿಗೆ ಹಾಕಿದರು. ಹಾಕುವ ಮೊದಲು, ಅಭ್ಯಾಸಬಲದಿಂದ, ಅದರ ಬಾಯಿ ಮುಚ್ಚಿದರು.

"ಅಪ್ಪಾ" ಎಂದ ಹುಟ್ಟಿನವನು. ಆ ದಿನ ಅವನಾಡಿದ ಮಾತು ಅದೊಂದೇ.

ಆಮೇಲಿನದು ಸುಲಭವಾಗಿತ್ತು ಎಂದು ಬರೆದರೆ ಅದು ಸುಳ್ಳು. ಈಗ ಎರಡೂ ಕಡೆಯಿಂದ ನೀರು ಒಳಗೆ ಬರುತ್ತಿತ್ತು, ಬೆನ್ನು ತಣ್ಣಗಾಗಿ ಹೊಡೆತ ನಿಮಿಷಕ್ಕೆ ಎಂಟು ಹತ್ತು ಕಡಿಮೆಯಾಯಿತು. ಆದರೆ ತಲೆ ತಿರುಗುತ್ತಿತ್ತು. ಅಲೆ ಬಲಕ್ಕಿದ್ದಾಗ ಎಡಕ್ಕೆ, ಮರೆ ಸಿಕ್ಕಾಗ ಬಲಕ್ಕೆ, ಎಣ್ಣೆ ಹಾಕಿದ ಬಾಗಿಲಿನಂತೆ. ಸಿಸ್ಟರ್ ಸೀಟಿಯನ್ನು ರವಿಕೆಯೊಳಗೆ ಸೇರಿಸಿ ಬಿಟ್ಟರು. ಕಡೆಯ ಅರ್ಧ ಕಿಲೋಮೀಟರಿನಲ್ಲಿ ಅವರೇ ಎದ್ದು ನಿಂತು, "ಬನ್ನಿ, ಬನ್ನಿ, ಬನ್ನಿ ಅಮ್ಮಾ" ಎಂದು ಹೆರಿಗೆ ಕೋಣೆಯಲ್ಲಿ ಕೂಗುವಂತೆ ಕೂಗುತ್ತಿದ್ದರು.

ದಡದಲ್ಲಿ ಹಗ್ಗ ಕಟ್ಟಿರುತ್ತಾರೆ. ಅದನ್ನು ಸ್ವಂತ ಕಾಲಲ್ಲಿ ದಾಟಬೇಕು. ಅತ್ತಿಗೆ ಒಮ್ಮೆ ಎದ್ದು ಕುಸಿದರು, ಎರಡನೆಯ ಸಲ ಮಂಡಿಯ ಮೇಲೆ ಬಂದರು. ಹಗ್ಗದ ಆಚೆ ಅಣ್ಣ ಎರಡೂ ಕೈ ಚಾಚಿ, ಮುಟ್ಟಬಾರದೆಂದು ನೆನಪಾಗಿ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮತ್ತೆ ಚಾಚಿ ನಿಂತಿದ್ದ. ಮೂರನೆಯ ಸಲಕ್ಕೆ ಅವರು ಎದ್ದು, ಅಂಗಡಿಯಿಂದ ಮನೆಗೆ ಬರುವಾಗಿನ ನಡಿಗೆಯಲ್ಲೇ, ಹಗ್ಗ ದಾಟಿದರು. ಎಂಟು ಗಂಟೆ ಐವತ್ತು ನಿಮಿಷ.

ಅಣ್ಣ ಜಿಪ್ಪು ಬಿಚ್ಚಿ ಸೂಟು ಕಳಚಿದ. ಕಂಬಳಿ ಹೊದಿಸಿದ. ಅಳುತ್ತಿದ್ದ, ಅದನ್ನು ಕಂಬಳಿ ಸರಿಮಾಡುವ ಕೆಲಸದಲ್ಲಿ ಮರೆಸುತ್ತಿದ್ದ. ಸಿಸ್ಟರ್ ಟಾರ್ಚು ಹಿಡಿದು ಕುತ್ತಿಗೆ ನೋಡಿದರು. ಬಲಗಡೆ ಬಳೆ ಒತ್ತಿದಷ್ಟು ಗುರುತು. ಎಡಗಡೆ ಉಗುರಿನಷ್ಟಗಲ ತರಚು, ಅದೂ ಕತ್ತರಿಗೆ ಮೊದಲಿನದು. ಪುಸ್ತಕದಲ್ಲಿ ಸಹಿ ಹಾಕಿ, ಅತ್ತಿಗೆಯ ಕೈ ಕುಲುಕಿದರು.

ಅತ್ತಿಗೆಗೆ ಮಾತು ಬರಲು ಹತ್ತು ನಿಮಿಷವಾಯಿತು. ಬಂದ ಮೊದಲ ಮಾತು: "ಎಡಗಡೆ ಹೇಗ್ ಬಂದಿದೆ?"

"ಚೂರು ತರ್ಚಿದೆ ಅಷ್ಟೇ ಕಣೇ, ಏನಾಗಿಲ್ಲ" ಎಂದ ಅಣ್ಣ.

"ಚರ್ಮ ಅಲ್ರೀ. ಕಟಿಂಗು!"

ಅಣ್ಣ ನನ್ನನ್ನು ನೋಡಿದ. ನಾನು ಸೂಟನ್ನು ಬೆಳಕಿಗೆ ಹಿಡಿದೆ. ಬಲಗಡೆ ಕಮಾನು ಚಂದ್ರನ ಅಂಚಿನಂತಿತ್ತು. ಎಡಗಡೆ ಆಳವೇನೋ ಒಂದೂವರೆ ಬೆರಳೇ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ಆದರೆ ಕತ್ತರಿ ಎತ್ತಿ ಇಟ್ಟ ಕಡೆಯಲ್ಲೆಲ್ಲ ಒಂದೊಂದು ಸಣ್ಣ ಮೆಟ್ಟಿಲು. ಸುಳ್ಳು ಹೇಳಬಹುದಿತ್ತು. ಅತ್ತಿಗೆ ಹೇಗೂ ಕಂಡುಹಿಡಿಯುತ್ತಾರೆ.

"ಅಳತೆ ಸರಿ ಇದೆ ಅತ್ತಿಗೆ. ಅಂಚಲ್ಲಿ ಮೂರು ಕಡೆ ಮೆಟ್ಲು ಬಿದ್ದಿದೆ."

"ತಾ ಇಲ್ಲಿ." ಮಡಿಲಲ್ಲಿ ಹರಡಿಕೊಂಡು, ಬೆರಳಿಂದ ಸವರಿ ನೋಡಿದರು. ಮುಖ ಹುಳ್ಳಗಾಯಿತು. "ಥೂ. ಕಲಿಯಕ್ಕೆ ಬಂದೋ‍ರು ಕೂಡ ಹೀಗ್ ಮಾಡಲ್ಲ."

"ಅಲೆ ಇತ್ತಲ್ಲಮ್ಮಾ" ಎಂದರು ಸಿಸ್ಟರ್.

"ಅಲೆ ಇತ್ತು ಅಂತ ಗಿರಾಕಿ ಹತ್ರ ಹೇಳಕ್ಕಾಗತ್ತಾ ಸಿಸ್ಟರ್? ಕೊಡಿ ಇನ್ನೊಂದ್ಸಲ ಆ ಕತ್ತರಿ, ಎರಡ್ ನಿಮಿಷ."

ಸಿಸ್ಟರ್ ಕೊಟ್ಟರು. ಅತ್ತಿಗೆ ಬೆರಳು ತೂರಿಸಲು ನೋಡಿದರು. ಚಳಿಗೆ ಕೈ ಗಡಗಡ ನಡುಗಿ, ಕತ್ತರಿಯ ಕಣ್ಣು ಹೆಬ್ಬೆರಳಿಗೆ ಸಿಗಲೇ ಇಲ್ಲ. ಎರಡು ಸಲ ಪ್ರಯತ್ನಿಸಿದರು. ನಾವ್ಯಾರೂ ಅತ್ತ ನೋಡದವರಂತೆ ನೀರನ್ನು ನೋಡುತ್ತ ನಿಂತೆವು. ಎರಡು ಗಂಟೆಯ ಹಿಂದೆ, ಆ ನೀರಿನ ಮೇಲೆ, ಅದೇ ಕೈ ನಡುಗಿರಲಿಲ್ಲ.

"ಹೋಗ್ಲಿ ಬಿಡಿ" ಎಂದರು ಕಡೆಗೆ, ಕತ್ತರಿಯನ್ನು ಹಿಂದಿರುಗಿಸಿ. "ಮುಂದಿನ್ ಸಲ ಹಾಕ್ಕೊಳ್ಳೋ ಮುಂಚೆ ಸರಿ ಮಾಡ್ಕೋತೀನಿ."

"ಮುಂದಿನ್ ಸಲಾನಾ?" ಎಂದ ಅಣ್ಣ.

ಅತ್ತಿಗೆ ಸಿಸ್ಟರ್ ತಂದ ಬಿಸಿ ಸಕ್ಕರೆ ನೀರಿನ ಲೋಟಕ್ಕೆ ಎರಡೂ ಕೈ ಚಾಚಿದರು.